ಗರ್ಭನಿರೋಧಕ: ಯಾರ ಮನೆಗೆ ಯಾವುದು ಹೊಂದೀತು?

ಪ್ರತಿ ಗರ್ಭನಿರೋಧಕಕ್ಕೂ ಎರಡು ಲೆಕ್ಕಗಳಿರುತ್ತವೆ. ಹೇಳಿದ ಹಾಗೆ ಒಂದು ದಿನವೂ ತಪ್ಪದೆ ಬಳಸಿದರೆ ವರ್ಷದಲ್ಲಿ ನೂರರಲ್ಲಿ ಎಷ್ಟು ಹೆಂಗಸರು ಬಸುರಾಗುತ್ತಾರೆ ಎಂಬುದು ಒಂದು. ಸಂಸಾರವಂದಿಗರು ನಿಜಕ್ಕೂ ಬಳಸುವ ರೀತಿಯಲ್ಲಿ ಬಳಸಿದರೆ ಎಷ್ಟು ಎಂಬುದು ಇನ್ನೊಂದು. ದಿನಕ್ಕೊಂದು ನುಂಗುವ ಮಾತ್ರೆಯಲ್ಲಿ ಮೊದಲ ಲೆಕ್ಕ ಒಂದಕ್ಕಿಂತಲೂ ಕಡಿಮೆ, ಎರಡನೆಯದು ಸುಮಾರು 7. ಕಾಂಡೋಮಿನಲ್ಲಿ 2 ಮತ್ತು 13. ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್ನಿನಲ್ಲಿ ಒಂದರೊಳಗೆ ಮತ್ತು 4. ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಗೂ ಆಪರೇಷನ್‌ಗಳಲ್ಲಿ ಎರಡು ಲೆಕ್ಕವೂ ಒಂದರೊಳಗೇ ಇರುತ್ತವೆ. ಏನನ್ನೂ ಬಳಸದಿದ್ದರೆ ನೂರರಲ್ಲಿ ಸುಮಾರು 85.

ಈ ಎರಡು ಲೆಕ್ಕಗಳ ನಡುವಿನ ಅಂತರವೆಲ್ಲ ಮರೆವಿನದು, ಅವಸರದ್ದು, ಮನೆಯಲ್ಲಿ ಮುಗಿದುಹೋದ ಸ್ಟಾಕಿನದು. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ನಮ್ಮ ಮನೆಯ ದಿನಚರಿಯಲ್ಲಿ ಯಾವುದು ತಪ್ಪದೆ ನಡೆದೀತು ಎಂದು ನೋಡಿಕೊಳ್ಳುವುದು ಮೇಲು. ಮುಂಬಯಿ, ಪುಣೆ, ಗೋವಾಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲೇ ನೋಡಿ: ಬೆಳಗಿನ 5.40ರ ಲೋಕಲ್ ರೈಲು ಹಿಡಿಯುವ ಡೊಂಬಿವಲಿಯ ಹೆಂಗಸಿಗೆ, ಪುಣೆಯ ಹಿಂಜವಡಿಯಲ್ಲಿ ವಾರಕ್ಕೊಂದು ಪಾಳಿ ಬದಲಾಗುವವಳಿಗೆ, ಗಂಡ ಮುಂಬಯಿ ಹೋಟೆಲಿನಲ್ಲಿದ್ದು ತಾನು ಊರಲ್ಲಿರುವವಳಿಗೆ ಒಂದೇ ಉತ್ತರ ಹೊಂದುವುದಿಲ್ಲ.

ಎಲ್ಲಿ ತಡೆಯುತ್ತದೆ

ತಿಂಗಳಿಗೊಮ್ಮೆ ಅಂಡಾಶಯದಿಂದ ಹೊರಬರುವ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಒಂದು ಋತುಚಕ್ರದಲ್ಲಿ ಬಸಿರು ನಿಲ್ಲಬಹುದಾದ ದಿನಗಳು ಸುಮಾರು ಆರು. ಅವು ಯಾವ ಆರು ಎಂಬುದು ಮೊದಲೇ ಗೊತ್ತಾಗುವುದಿಲ್ಲ, ಎಲ್ಲ ತೊಡಕೂ ಅಲ್ಲೇ.

ಮಾಲಾ ತರಹದ ದಿನದ ಮಾತ್ರೆ ಮತ್ತು ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್ ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ, ಜೊತೆಗೆ ಗರ್ಭಕೊರಳಿನ ಲೋಳೆಯನ್ನು ಗಟ್ಟಿ ಮಾಡುತ್ತವೆ. ಕಾಂಡೋಮ್ ವೀರ್ಯವನ್ನು ಹೊರಗೇ ಹಿಡಿದಿಡುತ್ತದೆ. ಕಾಪರ್-ಟಿಯ ತಾಮ್ರ ವೀರ್ಯಾಣುವಿನ ಚಲನೆಯನ್ನು ಕೆಡಿಸುತ್ತದೆ. ಆಪರೇಷನ್ ನಾಳವನ್ನು ಮುಚ್ಚುತ್ತದೆ. ವಾರದ ಮಾತ್ರೆ ಛಾಯಾದ ದಾರಿ ಬೇರೆ: ಅದರಲ್ಲಿ ಅಂಡಾಣು ಎಂದಿನಂತೆ ಬಿಡುಗಡೆಯಾಗುತ್ತದೆ, ಆದರೆ ಗರ್ಭಕೋಶದ ಒಳಪದರ ಹೊತ್ತಿಗೆ ಸರಿಯಾಗಿ ಸಿದ್ಧವಾಗಿರುವುದಿಲ್ಲ, ಅಲ್ಲಿ ಏನೂ ನೆಲೆಯೂರುವುದಿಲ್ಲ.

ದಿನದ ಮಾತ್ರೆ: ತಪ್ಪುವುದು ಪಟ್ಟಿಯ ತುದಿಯಲ್ಲಿ

ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್, ಮೆಡಿಕಲ್‌ಗಳಲ್ಲಿ ಅಗ್ಗಕ್ಕೆ ಸಿಗುವ ಮಾಲಾ-ಡಿ ಎರಡರಲ್ಲೂ ಇರುವುದು ಒಂದೇ ಔಷಧ: ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ ಮತ್ತು ಎಥಿನೈಲ್ ಎಸ್ಟ್ರಡಯಾಲ್ 0.03 ಮಿ.ಗ್ರಾಂ. ಪಟ್ಟಿಯಲ್ಲಿ 28 ಮಾತ್ರೆ. 21ರಲ್ಲಿ ಹಾರ್ಮೋನು, ಬೇರೆ ಬಣ್ಣದ 7ರಲ್ಲಿ ಬರೀ ಕಬ್ಬಿಣಾಂಶ. ಮುಟ್ಟಾದ ಮೊದಲ ಐದು ದಿನದೊಳಗೆ ಶುರು ಮಾಡಿದರೆ ಅಂದಿನಿಂದಲೇ ರಕ್ಷಣೆ. ತಡವಾಗಿ ಶುರು ಮಾಡಿದರೆ ಮೊದಲ ಏಳು ದಿನ ಕಾಂಡೋಮ್ ಜೊತೆಗಿರಬೇಕು. ಒಂದು ಪಟ್ಟಿ ಮುಗಿದ ಮರುದಿನವೇ ಇನ್ನೊಂದು.

ಪಟ್ಟಿಯ ನಡುವೆ ಒಂದು ಮಾತ್ರೆ ತಪ್ಪಿತೆಂದು ಹೆಚ್ಚಿನವರು ಗಾಬರಿಯಾಗುತ್ತಾರೆ. ನಿಜವಾದ ಅಪಾಯವಿರುವುದು ಹೊಸ ಪಟ್ಟಿ ಶುರು ಮಾಡುವುದು ತಡವಾದಾಗ. ಕಬ್ಬಿಣದ ಏಳು ಮಾತ್ರೆಯ ದಿನಗಳಲ್ಲಿ ದೇಹಕ್ಕೆ ಹಾರ್ಮೋನು ಸಿಗುವುದಿಲ್ಲ. ಅಂಡಾಶಯ ಏಳು ದಿನ ಸುಮ್ಮನಿರುತ್ತದೆ, ಅದರಾಚೆಗೆ ಮತ್ತೆ ಕೆಲಸ ಶುರು ಮಾಡಬಹುದು. ‘ಹೇಗೂ ಕಬ್ಬಿಣದ್ದೇ ತಾನೆ’ ಎಂದು ಅವನ್ನು ಬಿಟ್ಟು, ದಿನದ ಲೆಕ್ಕವೂ ಬಿಟ್ಟುಹೋಗಿ, ಹೊಸ ಪಟ್ಟಿಯನ್ನು ಹತ್ತನೆಯ ದಿನ ಒಡೆದವರೇ ಸಿಕ್ಕಿಬೀಳುವುದು.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನು ಅದರ ಹೊತ್ತಿಗೆ ನುಂಗಿದರೆ ಸಾಕು. ಎರಡು ಅಥವಾ ಹೆಚ್ಚು ಬಿಟ್ಟುಹೋದರೆ ನೆನಪಾದಾಗ ಒಂದನ್ನು ನುಂಗಿ, ಮುಂದಿನ ಏಳು ದಿನ ಕಾಂಡೋಮ್ ಬಳಸಬೇಕು. ಹೀಗೆ ತಪ್ಪಿದ್ದು ಮೂರನೆಯ ವಾರದಲ್ಲಾದರೆ ಹಾರ್ಮೋನಿನ ಮಾತ್ರೆ ಮುಗಿಸಿ, ಕಬ್ಬಿಣದವನ್ನು ಎಸೆದು, ನೇರ ಹೊಸ ಪಟ್ಟಿಗೆ ಹೋಗಬೇಕು. ಮೊದಲ ವಾರದಲ್ಲಿ ತಪ್ಪಿ, ಹಿಂದಿನ ಐದು ದಿನಗಳಲ್ಲಿ ಸೇರಿದ್ದರೆ ತುರ್ತು ಮಾತ್ರೆಯ ಯೋಚನೆ ಮಾಡಬೇಕು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ಗಂಡ ರಜೆಗೆ ಬಂದಾಗ ಮಾತ್ರ ನಾಲ್ಕು ದಿನ ನುಂಗುವ ಪದ್ಧತಿ ಹಲವು ಮನೆಗಳಲ್ಲಿದೆ. ಅದರಿಂದ ಯಾವ ಉಪಯೋಗವೂ ಇಲ್ಲ. ಸೇರುವ ಹೊತ್ತಿಗೆ ಕೆಲಸ ಮಾಡುವ ಮಾತ್ರೆ ಇದಲ್ಲ.

ಯಾರಿಗೆ ಬೇಡ: 35 ದಾಟಿದ ಮೇಲೂ ಸಿಗರೇಟು ಸೇದುವವರಿಗೆ, ಬಿ.ಪಿ. ಹೆಚ್ಚಿರುವವರಿಗೆ, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಣ್ಣೆದುರು ಬೆಳಕಿನ ಗೆರೆ ಮಿಂಚಿ ಆಮೇಲೆ ಅರೆತಲೆನೋವು ಬರುವವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ, ಎದೆಹಾಲು ಕುಡಿಸುತ್ತಿದ್ದು ಮಗುವಿಗೆ ಆರು ತಿಂಗಳು ತುಂಬದವರಿಗೆ. ಬಿ.ಪಿ. ನೋಡದೆ ಮಾತ್ರೆ ಶುರು ಮಾಡಲೇಬಾರದು.

ಇನ್ನೊಂದು ಸಂಗತಿ ಈ ಊರುಗಳಲ್ಲಿ ಒತ್ತಿ ಹೇಳಬೇಕಾದದ್ದು. ಕ್ಷಯದ ಚಿಕಿತ್ಸೆಯಲ್ಲಿ ಕೊಡುವ ರಿಫಾಂಪಿಸಿನ್ ಈ ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗನೆ ಕರಗಿಸಿಬಿಡುತ್ತದೆ, ಮಾತ್ರೆ ದಿನಾ ನುಂಗಿದರೂ ನಂಬುವ ಹಾಗಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳದೂ ಇದೇ ಕಥೆ. ಅಂಥವರಿಗೆ ಕಾಪರ್-ಟಿ ಅಥವಾ ಅಂತರಾ ಸರಿ. ಗಂಟಲುನೋವಿಗೋ ಜ್ವರಕ್ಕೋ ಕೊಡುವ ಸಾಮಾನ್ಯ ಆಂಟಿಬಯಾಟಿಕ್‌ನಿಂದ ತೊಂದರೆಯಿಲ್ಲ.

ವಾರದ ಮಾತ್ರೆ ಛಾಯಾ

ಒರ್ಮೆಲಾಕ್ಸಿಫೀನ್ 30 ಮಿ.ಗ್ರಾಂ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, ಅಂಗಡಿಯಲ್ಲಿ ಸಹೇಲಿ ಎಂಬ ಹೆಸರಿನಲ್ಲೂ ಬಂದದ್ದು. ಸ್ಟೀರಾಯ್ಡ್ ಹಾರ್ಮೋನು ಇದರಲ್ಲಿಲ್ಲ. ಹಾಲೂಡಿಸುವ ತಾಯಿಯೂ ತೆಗೆದುಕೊಳ್ಳಬಹುದು.

ಲೆಕ್ಕ ಮಾತ್ರ ಸ್ವಲ್ಪ ಗಮನ ಬೇಡುತ್ತದೆ. ಮುಟ್ಟಾದ ಮೊದಲ ದಿನ ಮೊದಲ ಮಾತ್ರೆ, ಮೂರು ದಿನ ಬಿಟ್ಟು ಎರಡನೆಯದು. ಮುಟ್ಟಾದದ್ದು ಭಾನುವಾರವಾದರೆ ಭಾನುವಾರ ಮತ್ತು ಬುಧವಾರ, ಸೋಮವಾರವಾದರೆ ಸೋಮವಾರ ಮತ್ತು ಗುರುವಾರ. ಹೀಗೆ ಮೂರು ತಿಂಗಳು ವಾರಕ್ಕೆರಡು. ನಾಲ್ಕನೆಯ ತಿಂಗಳಿನಿಂದ ಮೊದಲ ಮಾತ್ರೆ ನುಂಗಿದ ವಾರದಂದು (ಭಾನುವಾರವಾಗಿದ್ದರೆ ಭಾನುವಾರ) ಮಾತ್ರ, ವಾರಕ್ಕೊಂದು. ನಡುವೆ ಮುಟ್ಟು ಯಾವಾಗ ಬಂದರೂ ಮಾತ್ರೆಯ ಆ ವಾರ ಬದಲಾಗುವುದಿಲ್ಲ. ಮುಟ್ಟಿನ ದಿನಕ್ಕೆ ತಕ್ಕಂತೆ ಮಾತ್ರೆಯ ದಿನವನ್ನೂ ಸರಿಸುತ್ತ ಹೋಗಿ ಲೆಕ್ಕ ಕೆಡಿಸಿಕೊಳ್ಳುವವರು ಬಹಳ. ಕ್ಯಾಲೆಂಡರಿನಲ್ಲಿ ಆ ವಾರದ ಮೇಲೆ ಪೆನ್ನಿನಿಂದ ಸುತ್ತು ಹಾಕಿಟ್ಟರೆ ಸುಲಭ.

ಮಾತ್ರೆ ಮರೆತು ಏಳು ದಿನದೊಳಗಿದ್ದರೆ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಬೇಕು. ಏಳು ದಿನ ದಾಟಿದರೆ ವಾರಕ್ಕೆರಡರ ಲೆಕ್ಕದಿಂದ ಮತ್ತೆ ಶುರು. ಮುಟ್ಟು ತಡವಾಗುವುದು, ಕಡಿಮೆಯಾಗುವುದು ಸಾಮಾನ್ಯ. 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿಕೊಳ್ಳಬೇಕು. ಕಾಮಾಲೆ, ಯಕೃತ್ತಿನ ಕಾಯಿಲೆ, ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಾಗುವ ತೊಂದರೆ) ಇದ್ದವರಿಗೆ ಬೇಡ.

ಅಂತರಾ ಇಂಜೆಕ್ಷನ್

150 ಮಿ.ಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರಾನ್, ಮೂರು ತಿಂಗಳಿಗೊಮ್ಮೆ ತೋಳಿಗೆ, ತೊಡೆಗೆ ಅಥವಾ ಪೃಷ್ಠಕ್ಕೆ. ಕೊಟ್ಟ ಜಾಗವನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. ತಿಕ್ಕಿದರೆ ಔಷಧ ಬೇಗ ರಕ್ತಕ್ಕೆ ಸೇರಿ ಅವಧಿಗೆ ಮೊದಲೇ ಮುಗಿಯುತ್ತದೆ.

ಮೇ ರಜೆಗೋ ಚೌತಿಗೋ ಊರಿಗೆ ಹೋಗುವ ನಮ್ಮವರಿಗೆ ಇದರ ಒಂದು ಸೌಕರ್ಯವಿದೆ: ನಿಗದಿತ ತಾರೀಖಿಗಿಂತ ಎರಡು ವಾರ ಮೊದಲು ಅಥವಾ ನಾಲ್ಕು ವಾರ ತಡವಾಗಿಯೂ ಹಾಕಿಸಿಕೊಳ್ಳಬಹುದು. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೇ ಔಷಧ, ಇದೇ ಹೆಸರು. ಹಾಕಿಸಿಕೊಂಡ ತಾರೀಖು ಬರೆದಿರುವ ಕಾರ್ಡು ಚೀಲದಲ್ಲಿರಲಿ. ಕಾರ್ಡಿಲ್ಲದೆ ಹೋದರೆ ಬಸುರಿಯಲ್ಲ ಎಂದು ಮೊದಲಿನಿಂದ ಖಾತ್ರಿ ಮಾಡಿಕೊಂಡೇ ಚುಚ್ಚುತ್ತಾರೆ.

ಅರ್ಧಕ್ಕೆ ಬಿಡುವವರು ಬಿಡುವುದು ಒಂದೇ ಕಾರಣಕ್ಕೆ. ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತದ ಕಲೆ ಕಾಣುತ್ತದೆ, ಆಮೇಲೆ ಮುಟ್ಟೇ ನಿಲ್ಲುತ್ತದೆ. ‘ಕೆಟ್ಟ ರಕ್ತ ಒಳಗೇ ಉಳಿಯಿತು’ ಎಂದು ಅತ್ತೆಯೋ ಪಕ್ಕದ ಮನೆಯವರೋ ಹೆದರಿಸುತ್ತಾರೆ. ಒಳಪದರ ಬೆಳೆಯದಿದ್ದ ಮೇಲೆ ಹೊರಹೋಗಲು ಏನೂ ಇರುವುದಿಲ್ಲ, ಅಷ್ಟೇ. ಇದನ್ನು ಮೊದಲೇ ತಿಳಿಸಿ ಹೇಳಿದ ಕಡೆ ಎರಡನೆಯ ಇಂಜೆಕ್ಷನ್‌ಗೆ ಹೆಂಗಸರು ತಾವೇ ಬರುತ್ತಾರೆ. ಗಮನಿಸಬೇಕಾದ ನಿಜವಾದ ಕೊರತೆ ಬೇರೆ: ಬಿಟ್ಟ ಮೇಲೆ ಬಸಿರು ನಿಲ್ಲುವುದು ತಡ, ಕೊನೆಯ ಇಂಜೆಕ್ಷನ್ನಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ.

ಕಾಪರ್-ಟಿ

ಊರಲ್ಲಿ ವಂಕಿ ಎನ್ನುವುದನ್ನು ಇಲ್ಲಿಯ ಸಿಸ್ಟರ್ ತಾಂಬಿ ಎನ್ನುತ್ತಾರೆ. ಕೈಯಲ್ಲಿ ಹಿಡಿದರೆ ಬೆಂಕಿಕಡ್ಡಿಗಿಂತ ಕೊಂಚ ಚಿಕ್ಕದಾದ, ಬಾಗುವ ಬಿಳಿ ಪ್ಲಾಸ್ಟಿಕ್ಕಿನ ಟಿ ಆಕಾರ. ನೆಟ್ಟಗಿನ ಕಡ್ಡಿಗೆ ಒತ್ತಾಗಿ ಸುತ್ತಿದ ತಾಮ್ರದ ತಂತಿ, ಎರಡು ತೋಳಿಗೂ ತಾಮ್ರದ ಪುಟ್ಟ ಕೊಳವೆ, ಬುಡದಲ್ಲಿ ಎರಡೆಳೆ ದಾರ. 380-ಎ ಎಂಬುದರಲ್ಲಿ 380 ಎಂದರೆ ತಾಮ್ರದ ಮೇಲ್ಮೈ, ಚದರ ಮಿಲಿಮೀಟರುಗಳಲ್ಲಿ. ಇದು ಹತ್ತು ವರ್ಷ ಬರುತ್ತದೆ, 375 ಎಂಬುದು ಐದು ವರ್ಷ. ಹಾಕುವಾಗ ತೋಳುಗಳನ್ನು ಮಡಚಿ ತೆಳು ಕೊಳವೆಯೊಳಗೆ ಸೇರಿಸಿ, ಗರ್ಭಕೋಶದ ಆಳ ಅಳೆದು, ಒಳಗೆ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಮುಟ್ಟಿನ ನೋವಿನಂತಹ ಸೆಳೆತ ಬರುತ್ತದೆ. ರಕ್ಷಣೆ ಆ ಕ್ಷಣದಿಂದಲೇ. ತೆಗೆಸಿದ ತಿಂಗಳೇ ಬಸಿರು ನಿಲ್ಲಬಹುದು.

ಅದು ಹೊಟ್ಟೆಗೋ ಎದೆಗೋ ಏರುತ್ತದೆ ಎಂಬುದು ಸುಳ್ಳು. ಹೆಚ್ಚಾಗಿ ಆಗುವ ತೊಂದರೆಗಳು ಮೂರು. ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಹೆಚ್ಚು ಹೋಗುತ್ತದೆ, ಹೊಟ್ಟೆನೋವೂ ಹೆಚ್ಚು. ಹಿಮೋಗ್ಲೋಬಿನ್ ಮೊದಲೇ ಕಡಿಮೆಯಿದ್ದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೆಯದು, ತಾನಾಗಿ ಜಾರಿ ಹೊರಬರುವುದು. ಹೆಚ್ಚಾಗಿ ಮೊದಲ ವರ್ಷ, ಅದರಲ್ಲೂ ಹೆರಿಗೆಯ ಬೆನ್ನಿಗೇ ಹಾಕಿಸಿಕೊಂಡವರಲ್ಲಿ. ಹೊರಬಂದದ್ದು ಗೊತ್ತೇ ಆಗದೆ ಬಸುರಾಗುವುದುಂಟು, ಅದಕ್ಕೇ ಮುಂದಿನ ಮುಟ್ಟಾದ ಮೇಲೆ ಒಮ್ಮೆ ತೋರಿಸಬೇಕು. ಮೂರನೆಯದು ಸೋಂಕು, ಮುಖ್ಯವಾಗಿ ಹಾಕಿದ ಮೊದಲ ಮೂರು ವಾರ. ಜ್ವರ, ಕೆಳಹೊಟ್ಟೆ ನೋವು, ವಾಸನೆಯ ಸ್ರಾವ ಕಂಡರೆ ಕಾಯಬಾರದು.

ಮಕ್ಕಳಾಗದವರಿಗೆ ಹಾಕಬಾರದು ಎಂದು ಕೆಲವೆಡೆ ಹೇಳಿ ಕಳಿಸುವುದುಂಟು. ಹಾಗೊಂದು ನಿಯಮವಿಲ್ಲ. ಕಿಬ್ಬೊಟ್ಟೆಯ ಸೋಂಕು ಇರುವಾಗ, ಕಾರಣ ತಿಳಿಯದ ರಕ್ತಸ್ರಾವ ಇರುವಾಗ ಹಾಕುವುದಿಲ್ಲ.

ಮುಟ್ಟು ಬಹಳ ಹೋಗುವವರಿಗೆ ಇದೇ ಆಕಾರದ ಹಾರ್ಮೋನು ತುಂಬಿದ ಸಾಧನವಿದೆ, 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್‌ನದು. ಅದು ಮುಟ್ಟನ್ನು ಕಡಿಮೆ ಮಾಡುತ್ತದೆ. ಆದರೆ ಖಾಸಗಿಯಲ್ಲಿ ಸಾವಿರಾರು ರೂಪಾಯಿ.

ಕಾಂಡೋಮ್

ಗುಪ್ತರೋಗ, ಎಚ್‌ಐವಿ ತಡೆಯುವುದು ಇದೊಂದೇ. ಬೇರೇನನ್ನು ಬಳಸಿದರೂ ಆ ಭಯವಿದ್ದರೆ ಇದು ಜೊತೆಗಿರಲೇಬೇಕು.

ಹರಿಯುವುದಕ್ಕೆ ಕಾರಣಗಳು ಹೆಚ್ಚಾಗಿ ಸಣ್ಣವು. ತುದಿಯನ್ನು ಎರಡು ಬೆರಳಿನಿಂದ ಚಿವುಟಿ ಗಾಳಿ ತೆಗೆಯದೆ ಹಾಕಿದರೆ ಅಲ್ಲೇ ಒಡೆಯುತ್ತದೆ. ಹಲ್ಲಿನಿಂದ ಪ್ಯಾಕೆಟ್ ಕಚ್ಚಿದರೆ ಕಾಣದ ಸೀಳು ಬೀಳುತ್ತದೆ. ಉಲ್ಟಾ ಹಾಕಿ, ಉರುಳದೆ ಹೋದಾಗ ತಿರುಗಿಸಿ ಅದನ್ನೇ ಹಾಕಿದರೆ ತುದಿಗೆ ತಗಲಿದ ವೀರ್ಯ ಒಳಗೆ ಹೋಗಬಹುದು, ಅದನ್ನು ಎಸೆಯಬೇಕು. ಕರಾವಳಿಯ ಮನೆಗಳಲ್ಲಿ ಎಲ್ಲಕ್ಕೂ ಕೈಗೆ ಸಿಗುವ ತೆಂಗಿನೆಣ್ಣೆ ರಬ್ಬರಿಗೆ ಶತ್ರು, ನಿಮಿಷಗಳಲ್ಲೇ ಅದನ್ನು ಸಡಿಲ ಮಾಡುತ್ತದೆ. ಜಾರಿಕೆ ಬೇಕಿದ್ದರೆ ನೀರಿನಂಶದ ಜೆಲ್. ಸ್ಕೂಟರಿನ ಡಿಕ್ಕಿ ಮತ್ತು ಹಿಂದಿನ ಜೇಬಿನ ಪರ್ಸು, ಎರಡೂ ಇಡುವ ಜಾಗವಲ್ಲ. ಎರಡನ್ನು ಒಂದರ ಮೇಲೊಂದು ಹಾಕಿದರೆ ಉಜ್ಜಿ ಹರಿಯುತ್ತವೆ. ಮುಗಿದ ಕೂಡಲೇ, ಗಡಸು ಇಳಿಯುವ ಮೊದಲು, ಬುಡದ ಬಳೆಯನ್ನು ಹಿಡಿದುಕೊಂಡೇ ಹೊರತೆಗೆಯಬೇಕು.

ವರ್ಷಕ್ಕೆ ಎರಡೋ ಮೂರೋ ಬಾರಿ ಊರಿಗೆ ಹೋಗುವ ಗಂಡಂದಿರಿಗೆ ಇದೇ ಸರಿ ಎಂದು ನಮ್ಮ ಅಭಿಪ್ರಾಯ. ಹಳ್ಳಿಯ ಅಂಗಡಿಯಲ್ಲಿ ಕೇಳುವುದಕ್ಕಿಂತ ಇಲ್ಲಿಂದಲೇ ಒಯ್ಯುವುದು ಸುಲಭ. ಹೆಂಡತಿ ಒಪ್ಪಿದರೆ ಕಾಪರ್-ಟಿ ಇನ್ನೂ ಭದ್ರ.

ದಿನ ಎಣಿಸುವುದು, ಹೊರಗೆ ಬಿಡುವುದು

ಋತುಚಕ್ರ ಯಾವಾಗಲೂ 26ರಿಂದ 32 ದಿನದೊಳಗೆ ಬರುವವರು 8ರಿಂದ 19ನೆಯ ದಿನದವರೆಗೆ ದೂರವಿರುವ ಕ್ರಮವೊಂದಿದೆ. ಸರಿಯಾಗಿ ನಡೆಸಿದರೆ ನೂರಕ್ಕೆ 5, ರೂಢಿಯಲ್ಲಿ 12. ಪಾಳಿ, ಪ್ರಯಾಣ, ಕಾಯಿಲೆ ಯಾವುದರಿಂದಲೂ ಚಕ್ರ ಹಿಂದುಮುಂದಾಗಬಹುದು. ವೀರ್ಯವನ್ನು ಹೊರಗೆ ಬಿಡುವ ಕ್ರಮದಲ್ಲಿ ನೂರಕ್ಕೆ 20. ಇವನ್ನೇ ನಂಬಿದವರು ಮುಂದೆ ಹೇಳುವ ತುರ್ತು ಮಾತ್ರೆಯನ್ನಾದರೂ ತಿಳಿದಿರಬೇಕು.

ಬಾಣಂತನದ ಅಂತರ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ ನಾಲ್ಕೈದು ತಿಂಗಳಾದ ಮೇಲೆ ಮಗುವಿನೊಡನೆ ಮುಂಬಯಿಗೋ ಪುಣೆಗೋ ಮರಳುವುದು ನಮ್ಮಲ್ಲಿ ರೂಢಿ. ಈ ನಡುವೆ ಬಹಳ ಮಂದಿ ‘ಇನ್ನೂ ಮುಟ್ಟೇ ಆಗಿಲ್ಲವಲ್ಲ’ ಎಂದು ನಿಶ್ಚಿಂತರಾಗಿರುತ್ತಾರೆ. ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗಿಂತ ಮೊದಲು, ಹಾಗಾಗಿ ಹೆರಿಗೆಯ ನಂತರ ಒಂದೂ ಮುಟ್ಟು ಕಾಣದೆ ಮತ್ತೆ ಬಸುರಾಗಬಹುದು.

ಎದೆಹಾಲಿನ ರಕ್ಷಣೆ ಇದೆ, ಆದರೆ ಮೂರು ಷರತ್ತು ಒಟ್ಟಿಗಿರಬೇಕು: ಮಗುವಿಗೆ ಆರು ತಿಂಗಳಾಗಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಬಾಟಲಿ ಹಾಲು ಶುರುವಾಯಿತೆಂದರೆ ಈ ರಕ್ಷಣೆ ಮುಗಿಯಿತು. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಹಾಗೆ ಮಾಡಬೇಕಿದ್ದರೆ ಎಂಟನೆಯ ತಿಂಗಳಿನಲ್ಲೇ ಡಾಕ್ಟರಿಗೆ ಹೇಳಿಡಬೇಕು, ಹೆರಿಗೆ ಕೋಣೆಯಲ್ಲಿ ಕೇಳಿ ಸಹಿ ಮಾಡಿಸಿಕೊಳ್ಳುವ ಮಾತಲ್ಲ ಅದು. ಆ 48 ಗಂಟೆ ತಪ್ಪಿದರೆ ಆರು ವಾರ ಕಾಯಬೇಕು. ಅಂತರಾ ಕೂಡ ಹಾಲೂಡಿಸುವವರಿಗೆ ಆರು ವಾರದ ನಂತರ.

ಆಪರೇಷನ್: ಯಾರಿಗೆ?

ಇನ್ನು ಮಕ್ಕಳು ಬೇಡವೇ ಬೇಡ ಎಂದಾದ ಮೇಲಿನ ಮಾತಿದು. ಹೆಂಗಸಿನ ಆಪರೇಷನ್ನಿನಲ್ಲಿ ಹೊಟ್ಟೆಯನ್ನು ಕೊಯ್ದು ಅಥವಾ ದುರ್ಬೀನು ತೂರಿಸಿ ಎರಡೂ ಅಂಡನಾಳಗಳನ್ನು ಕಟ್ಟುತ್ತಾರೆ. ಗಂಡಸಿನದರಲ್ಲಿ ಬ್ಲೇಡಿನ ಕೊಯ್ತವೂ ಇಲ್ಲ, ಹೊಲಿಗೆಯೂ ಇಲ್ಲ. ವೃಷಣ ಚೀಲದ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದು ಸಣ್ಣ ರಂಧ್ರದಿಂದ ವೀರ್ಯನಾಳ ಹೊರಗೆಳೆದು, ಕತ್ತರಿಸಿ ಕಟ್ಟುತ್ತಾರೆ. ಕಾಲು ಗಂಟೆಯ ಕೆಲಸ. ಎರಡು ದಿನದ ನಂತರ ಹಗುರ ಕೆಲಸ, ವಾರದ ನಂತರ ಎಲ್ಲವೂ. ವೃಷಣವನ್ನು ಯಾರೂ ಮುಟ್ಟುವುದಿಲ್ಲ, ಹಾರ್ಮೋನು ರಕ್ತಕ್ಕೇ ಹೋಗುವುದರಿಂದ ಶಕ್ತಿ, ಆಸೆ ಯಾವುದಕ್ಕೂ ಧಕ್ಕೆಯಿಲ್ಲ. ವೀರ್ಯವೂ ಮೊದಲಿನಷ್ಟೇ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ.

ಗಂಡಸಿನ ಆಪರೇಷನ್ ‘ಫೇಲ್’ ಆಯಿತೆಂಬ ಹೆಚ್ಚಿನ ಕಥೆಗಳ ಹಿಂದಿರುವುದು ಮೊದಲ ಮೂರು ತಿಂಗಳು. ನಾಳದ ಮುಂಭಾಗದಲ್ಲಿ ಆಗಲೇ ಇರುವ ವೀರ್ಯಾಣು ಖಾಲಿಯಾಗಬೇಕು. ಅಲ್ಲಿಯವರೆಗೆ ಕಾಂಡೋಮ್, ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ, ‘ವೀರ್ಯಾಣು ಇಲ್ಲ’ ಎಂಬ ವರದಿ. ಆ ವರದಿ ಕೈಗೆ ಬಾರದೆ ಬಿಡಬಾರದು.

ಇಷ್ಟು ಸರಳವಾದದ್ದನ್ನು ಬಿಟ್ಟು ಕಷ್ಟದ್ದನ್ನೇ ಮಾಡಿಸುತ್ತಾರೆ ನಮ್ಮವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ 37.9, ಗಂಡಸರು ಶೇ 0.3. ‘ಅವರು ದುಡಿಯುವವರು’ ಎಂಬ ನೆಪಕ್ಕೆ ಒಂದೇ ಉತ್ತರ: ಶನಿವಾರ ಮಾಡಿಸಿಕೊಂಡರೆ ಮಂಗಳವಾರ ಆಫೀಸಿಗೆ ಹೋಗಬಹುದು.

ಸರ್ಕಾರಿ ನಿಯಮದಂತೆ ಹೆಂಗಸಿಗೆ 22ರಿಂದ 49 ವರ್ಷ, ಗಂಡಸು 60ರೊಳಗೆ, ಮದುವೆಯಾಗಿದ್ದು ಒಂದು ಮಗುವಾದರೂ ಇರಬೇಕು. ಗಂಡನ ಅಥವಾ ಹೆಂಡತಿಯ ಸಹಿ ಕಡ್ಡಾಯವಲ್ಲ, ಮಾಡಿಸಿಕೊಳ್ಳುವವರದ್ದು ಸಾಕು.

ಕೇಳಲು ಸಂಕೋಚವೇ?

ನಿರೋಧ್ ಕಾಂಡೋಮ್, ಮಾಲಾ-ಎನ್, ಛಾಯಾ, ಅಂತರಾ, ಕಾಪರ್-ಟಿ, ಆಪರೇಷನ್ ಎಲ್ಲವೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ: ಮುಂಬಯಿಯಲ್ಲಿ ಪಾಲಿಕೆಯ ಹೆಲ್ತ್ ಪೋಸ್ಟ್ ಮತ್ತು ಹೆರಿಗೆ ಆಸ್ಪತ್ರೆಗಳು, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ವೈದ್ಯಕೀಯ ಕಾಲೇಜು. ಸಮಾಜ ಸುಧಾರಕ ರ. ಧೋ. ಕರ್ವೆಯವರು ಇದೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದದ್ದು 1921ರಲ್ಲಿ. ಮೈಸೂರು ಸರ್ಕಾರ ಇಂಥದ್ದನ್ನೇ ಸರ್ಕಾರದ ಖರ್ಚಿನಲ್ಲಿ ತೆರೆದದ್ದು 1930ರಲ್ಲಿ. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ನೂರು ವರ್ಷದ ಮೇಲೂ ಕೌಂಟರಿನಲ್ಲಿ ತಲೆ ತಗ್ಗಿಸುವುದೇಕೆ?

ತಪ್ಪಿದ ಮೇಲೆ

ಕಾಂಡೋಮ್ ಹರಿದರೆ, ಏನೂ ಬಳಸದೆ ಸೇರಿದ್ದರೆ, ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂನ ಒಂದು ಮಾತ್ರೆ, 72 ಗಂಟೆಯೊಳಗೆ. ಮೆಡಿಕಲ್‌ಗಳಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅಂಡಾಣು ಹೊರಬರುವುದನ್ನು ಇದು ಮುಂದೂಡುತ್ತದೆ, ಅದಕ್ಕೇ ಬೇಗ ನುಂಗಿದಷ್ಟೂ ಒಳ್ಳೆಯದು. ಆಗಲೇ ಹೊರಬಂದಿದ್ದರೆ ಉಪಯೋಗವಾಗುವುದಿಲ್ಲ. ನಿಂತ ಬಸಿರನ್ನು ತೆಗೆಯುವುದಿಲ್ಲ, ಮುಂದಿನ ದಿನಗಳಿಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಹೆಸರಿನಲ್ಲಿ ಹೋಲುವ ಗರ್ಭಪಾತದ ಐದು ಮಾತ್ರೆಯ ಕಿಟ್ ಬೇರೆಯೇ. ಅದನ್ನು ಅಂಗಡಿಯವನು ಕೊಟ್ಟನೆಂದು ಮನೆಯಲ್ಲಿ ನುಂಗಿ, ಬಸಿರು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಇದೆಲ್ಲಕ್ಕಿಂತ ಭದ್ರವಾದ ತುರ್ತು ಉಪಾಯ ಐದು ದಿನದೊಳಗೆ ಹಾಕಿಸಿಕೊಳ್ಳುವ ಕಾಪರ್-ಟಿ.

ಮುಟ್ಟು ಒಂದು ವಾರ ತಡವಾದರೆ, ಅಥವಾ ಸೇರಿ ಮೂರು ವಾರ ಕಳೆದರೆ, ಬೆಳಗಿನ ಮೊದಲ ಮೂತ್ರದಲ್ಲಿ ಕಾರ್ಡ್ ಟೆಸ್ಟ್ ಮಾಡಬಹುದು. ಎರಡು ಗೆರೆ ಬಂದು, ಬಸಿರು ಬೇಡವೆಂದಾದರೆ ಗರ್ಭನಿರೋಧಕ ವಿಫಲವಾಯಿತೆಂಬುದು ಕಾನೂನು ಒಪ್ಪುವ ಕಾರಣ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮದುವೆಯಾಗದವರಿಗೂ ಇದು ಅನ್ವಯಿಸುತ್ತದೆ. 18 ತುಂಬಿದವಳ ಸ್ವಂತ ಒಪ್ಪಿಗೆಯ ಹೊರತು ಬೇರೆ ಯಾರ ಸಹಿಯೂ ಬೇಕಿಲ್ಲ.